ಸಾವಿರ ಪ್ರತಿಗಳ ಲೆಕ್ಕ

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದುದನ್ನು ತರಗತಿಗಳಲ್ಲಿ ಶಾಸ್ತ್ರದಾನದ ನಿದರ್ಶನವಾಗಿಯೇ ಹೇಳುತ್ತ ಬಂದಿದ್ದೇವೆ. ಅದು ಪ್ರಕಾಶನದ ಲೆಕ್ಕವೂ ಹೌದು. ಗುರು ಜಿನಚಂದ್ರರ ಸ್ಮರಣೆಗೆಂದು ಆ ಕಾವ್ಯವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ. ಮನೆತನದ ಗ್ರಂಥ, ಮನೆತನದ್ದೇ ವೆಚ್ಚ.

ಓಲೆಗರಿಯಲ್ಲಿ ಪ್ರತಿ ಹೆಚ್ಚಿದರೂ ವೆಚ್ಚ ಇಳಿಯದು. ಸಾವಿರದ ಪ್ರತಿಗೂ ಲಿಪಿಕಾರನಿಗೆ ಮೊದಲ ಪ್ರತಿಯಷ್ಟೇ ಶ್ರಮ. ಅಚ್ಚಿನಲ್ಲಿ ಮೊಳೆ ಜೋಡಿಸುವ ಖರ್ಚು ಒಮ್ಮೆ ಮಾತ್ರ. ಹೆಚ್ಚು ಅಚ್ಚಾದಷ್ಟೂ ಅಗ್ಗ. ಆದರೆ ಕೊಳ್ಳುವವರೂ ಅಷ್ಟೇ ಬೇಕು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿದ್ದು ಈ ಕಾರಣಕ್ಕೆ. ಕಾರಂತರಂತೂ ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು.

ಬಸದಿ, ಶಾಸನಗಳ ಕುರಿತ ಗ್ರಂಥಕ್ಕೆ 300 ಓದುಗರು ದೊರೆತರೆ ಅದೇ ಹೆಚ್ಚು. ಅಗ್ಗವೆಂದು ಸಾವಿರ ಅಚ್ಚು ಹಾಕಿಸಿ, ಉಳಿದುದನ್ನು ಅಟ್ಟದ ಗೆದ್ದಲಿಗೆ ಒಪ್ಪಿಸಿದವರಲ್ಲಿ ನಾನೂ ಒಬ್ಬ. ಈಗಿನ ಡಿಜಿಟಲ್ ಮುದ್ರಣ ವಿಚಿತ್ರವಾಗಿ ಓಲೆಗರಿಯ ಲೆಕ್ಕಕ್ಕೇ ಮರಳಿದೆ: ಐವತ್ತು ಪ್ರತಿ ತೆಗೆದರೂ ನೂರು ತೆಗೆದರೂ ತಲಾ ವೆಚ್ಚ ಹೆಚ್ಚುಕಡಿಮೆ ಒಂದೇ. ಪ್ರತಿಯೊಂದಕ್ಕೆ ತುಸು ಹೆಚ್ಚು ತೆತ್ತರೂ, ಮುಂಗಡ ಕೊಟ್ಟವರಿಗಷ್ಟೇ ಅಚ್ಚು ಹಾಕಿಸಿದರೆ ಮೊದಲ ಪ್ರತಿಯಿಂದಲೇ ಕಿಂಚಿತ್ ಲಾಭವಿದೆ. ಅತ್ತಿಮಬ್ಬೆಗೆ ಅದು ಬೇಕಿರಲಿಲ್ಲ. ನಮಗೆ ಮುಂದಿನ ಗ್ರಂಥದ ಕಾಗದಕ್ಕಾದರೂ ಬೇಕು.