ಅಸ್ವಾನಿನ ಹೋಟೆಲೂ ಮುಳುಗಿದ ಗುಡಿಯೂ

ಕೆಲವು ವಾರಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಜಿಪ್ಟಿನ ಅಸ್ವಾನ್ ನಗರದಿಂದ ಒಂದು ಛಾಯಾಚಿತ್ರ ಕಳುಹಿಸಿದ್ದ. ನೀರೆತ್ತುವ ಪಂಪುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ವ್ಯವಹಾರದ ಮಾತುಕತೆಗೆಂದು ಮೂರು ದಿನಗಳ ಮಟ್ಟಿಗೆ ಹೋದವನನ್ನು ಅಲ್ಲಿನ ‘ಓಲ್ಡ್ ಕ್ಯಾಟರಾಕ್ಟ್’ ಎಂಬ ಹೋಟೆಲಿನಲ್ಲಿ ಇಳಿಸಿದ್ದರಂತೆ. ಕಂದುಗೆಂಪು ಬಣ್ಣದ ಭವ್ಯ ಕಟ್ಟಡ, ಅದರ ಜಗಲಿ, ಕೆಳಗೆ ನೈಲ್ ನದಿ, ನದಿಯ ನಡುವೆ ಆನೆಗಳು ಮಲಗಿದಂತಿರುವ ಕಪ್ಪು ಬಂಡೆಗಳು, ಆಚೆ ದಡದಲ್ಲಿ ಬರಿಯ ಮರಳು. “ಸರ್, ಇಲ್ಲಿಯ ಒಂದು ರಾತ್ರಿಯ ಬಾಡಿಗೆಯಲ್ಲಿ ನಮ್ಮೂರಿನಲ್ಲಿ ಒಂದು ನಾಮಕರಣವನ್ನೇ ಮುಗಿಸಬಹುದು. ಈ ಹೋಟೆಲಿಗೆ ಏನಾದರೂ ಚರಿತ್ರೆ ಇದೆಯೇ?” ಎಂದು ಕೇಳಿದ್ದ. ಅವನು ತರಗತಿಯಲ್ಲಿ ಇಂಥ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ತಡವಾಗಿಯಾದರೂ ಕೇಳಿದನಲ್ಲ ಎಂದು ಸಂತೋಷಪಟ್ಟು, ಉತ್ತರವನ್ನು ನಿಮ್ಮೆಲ್ಲರಿಗೂ ತಲುಪುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ನನ್ನ ವಯಸ್ಸಿನವರಿಗೆ ಕ್ಯಾಟರಾಕ್ಟ್ ಎಂದೊಡನೆ ಕಣ್ಣಿನ ಪೊರೆಯೇ ನೆನಪಾಗುವುದು ಸಹಜ. ಆದರೆ ಇಲ್ಲಿ ಆ ಪದಕ್ಕೆ ನದಿಯು ಬಂಡೆಗಳ ನಡುವೆ ಸಿಕ್ಕಿ ನೊರೆಗರೆದು ಹರಿಯುವ ಇಳಿಜಾರು ಎಂದರ್ಥ. ನೈಲ್ ನದಿಯಲ್ಲಿ ಇಂಥ ಆರು ಪ್ರಸಿದ್ಧ ತಾಣಗಳಿದ್ದು, ಉತ್ತರದಿಂದ ಎಣಿಸಿದರೆ ಮೊದಲನೆಯದು ಅಸ್ವಾನಿನಲ್ಲಿದೆ. ಊರಿನ ಪ್ರಾಚೀನ ಗ್ರೀಕ್ ಹೆಸರು ಸೈಯೀನ್. ಹೌದು, ಎಂಟನೆಯ ತರಗತಿಯಲ್ಲಿ ನಾನು ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಸುತ್ತಿದ್ದಾಗ ಹೇಳುತ್ತಿದ್ದ ಅದೇ ಸೈಯೀನ್. ಕ್ರಿ.ಪೂ. 3ನೆಯ ಶತಮಾನದಲ್ಲಿ ಎರಟೋಸ್ತನೀಸನು ಇಲ್ಲಿಯ ನಡುಹಗಲಿನ ಸೂರ್ಯನನ್ನೂ ಅಲೆಕ್ಸಾಂಡ್ರಿಯದ ನೆರಳನ್ನೂ ಹೋಲಿಸಿ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದನು. ಮಳೆಯೆಂಬುದು ಇಲ್ಲವೇ ಇಲ್ಲವೆನ್ನಬಹುದಾದ ಊರು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟಿ ನಿಲ್ಲುತ್ತದೆ. ಆದರೆ ಚಳಿಗಾಲ ಮಾತ್ರ ಬಲು ಹಿತ. ಯುರೋಪಿನ ಶ್ರೀಮಂತರು ತಮ್ಮ ದೇಶದ ಚಳಿಯಿಂದ ತಪ್ಪಿಸಿಕೊಂಡು ಬಂದು ಇರಲೆಂದು 1899-1900ರ ಚಳಿಗಾಲದಲ್ಲಿ ಈ ಹೋಟೆಲು ಬಾಗಿಲು ತೆರೆಯಿತು. ಸೆಖೆ ಏರುತ್ತಿದ್ದಂತೆ ಅತಿಥಿಗಳು ತೆರಳುತ್ತಿದ್ದರು, ಹೋಟೆಲೂ ಮುಚ್ಚುತ್ತಿತ್ತು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪ್ರವಾಸದ ಪುಸ್ತಕಗಳು ಈ ಹೋಟೆಲಿನ ಬಗ್ಗೆ ಹೇಳುವುದು ಅಗಾಥಾ ಕ್ರಿಸ್ಟಿಯ ಕಥೆಯನ್ನು. ಆಕೆಯ ‘ಡೆತ್ ಆನ್ ದ ನೈಲ್’ 1937ರಲ್ಲಿ ಪ್ರಕಟವಾಯಿತು. 1978ರಲ್ಲಿ ಅದನ್ನು ಚಲನಚಿತ್ರ ಮಾಡಿದಾಗ ಇದೇ ಹೋಟೆಲಿನಲ್ಲಿ ಚಿತ್ರೀಕರಣವೂ ನಡೆಯಿತು. ಅದು ಮನರಂಜನೆಯ ಮಾತು. ನನಗೆ ಮುಖ್ಯವೆನಿಸಿದ್ದು ಅದಕ್ಕಿಂತ ಮೊದಲಿನ, 1902ನೆಯ ಇಸವಿಯ ಡಿಸೆಂಬರ್ ತಿಂಗಳು.

ಹೋಟೆಲು ಮೇಲೇಳುತ್ತಿದ್ದ ವರ್ಷಗಳಲ್ಲಿಯೇ ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ನೈಲ್ ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟು ಏಳುತ್ತಿತ್ತು. ಸುಮಾರು ಎರಡು ಕಿಲೋಮೀಟರ್ ಉದ್ದ, 180 ತೂಬುಗಳು, ಸ್ಥಳೀಯ ಗ್ರಾನೈಟ್ ಕಲ್ಲು, ಸಹಸ್ರಾರು ಈಜಿಪ್ಟಿನ ಕೂಲಿಕಾರರು, ಇಟಲಿಯಿಂದ ಬಂದ ಕಲ್ಲುಕುಟಿಗರು. ಉದ್ದೇಶ ಸ್ಪಷ್ಟವಾಗಿತ್ತು. ನೈಲ್ ನದಿಗೆ ಪ್ರವಾಹ ಬರುವುದು ಬೇಸಿಗೆಯ ಕೊನೆಗೆ. ಆದರೆ ಹತ್ತಿಗೆ ನೀರು ಬೇಕಾದದ್ದು ಪ್ರವಾಹಕ್ಕೆ ಮುಂಚಿನ ತಿಂಗಳುಗಳಲ್ಲಿ. ಚಳಿಗಾಲದಲ್ಲಿ ನೀರು ಕೂಡಿಟ್ಟು ಬೇಸಿಗೆಯಲ್ಲಿ ಬಿಟ್ಟರೆ ಹತ್ತಿ ಹೆಚ್ಚುತ್ತದೆ. ಹತ್ತಿ ಹೆಚ್ಚಿದರೆ ಲ್ಯಾಂಕಷೈರಿನ ಗಿರಣಿಗಳಿಗೂ ಲಾಭ, ಈಜಿಪ್ಟಿಗೆ ಸಾಲ ಕೊಟ್ಟವರಿಗೂ ಧೈರ್ಯ.

ಸಾಲ ಎಂದೆನಲ್ಲ. 1876ರಲ್ಲಿ ಈಜಿಪ್ಟು ಸಾಲ ತೀರಿಸಲಾರದೆ ಕೈಚೆಲ್ಲಿತ್ತು. 1882ರಲ್ಲಿ ಬ್ರಿಟಿಷ್ ಸೈನ್ಯ ಬಂದು ಕುಳಿತಿತು. ಖೆದೀವನೆಂಬ ಅರಸನಿದ್ದರೂ ಆಡಳಿತದ ಸೂತ್ರ ಲಾರ್ಡ್ ಕ್ರೋಮರ್ ಅವರ ಕೈಯಲ್ಲಿತ್ತು. ಈ ಕ್ರೋಮರ್ ಮೊದಲು ನಮ್ಮ ದೇಶದಲ್ಲಿ ವೈಸರಾಯರ ಮಂಡಳಿಯಲ್ಲಿ ಹಣಕಾಸಿನ ಸದಸ್ಯರಾಗಿದ್ದವರು. ನೀರಾವರಿ ಇಲಾಖೆಯನ್ನು ನಡೆಸುತ್ತಿದ್ದವರೂ ಭಾರತದ ಕಾಲುವೆಗಳ ಮೇಲೆ ಕೆಲಸ ಕಲಿತವರೇ. ಕಾಲಿನ್ ಸ್ಕಾಟ್-ಮಾನ್‌ಕ್ರೀಫ್, ವಿಲಿಯಂ ಗಾರ್ಸ್ಟಿನ್, ವಿಲಿಯಂ ವಿಲ್‌ಕಾಕ್ಸ್ ಎಲ್ಲರೂ ಹಾಗೆಯೇ. ಅಣೆಕಟ್ಟಿನ ಮೂಲ ಯೋಜನೆ ತಯಾರಿಸಿದ ವಿಲ್‌ಕಾಕ್ಸ್ ಹುಟ್ಟಿದ್ದು ಭಾರತದಲ್ಲಿ, ಓದಿದ್ದು ರೂರ್ಕಿಯಲ್ಲಿ.

ಎಂಜಿನಿಯರುಗಳಿದ್ದರು, ಕಲ್ಲಿತ್ತು, ನದಿಯಿತ್ತು. ಇಲ್ಲದಿದ್ದುದು ಹಣ. ಸಾಲಗಾರ ರಾಷ್ಟ್ರಗಳ ನಿಯೋಗದ ಒಪ್ಪಿಗೆಯಿಲ್ಲದೆ ಹೊಸ ಸಾಲ ಎತ್ತುವಂತಿರಲಿಲ್ಲ. ಆಗ ರಂಗಕ್ಕೆ ಬಂದವರು ಅರ್ನೆಸ್ಟ್ ಕ್ಯಾಸೆಲ್. ಜರ್ಮನಿಯ ಕೊಲೋನ್ ನಗರದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೆಳೆದು ನಿಂತ ಸಾಹುಕಾರರು, ಏಳನೆಯ ಎಡ್ವರ್ಡ್ ದೊರೆಯ ಆಪ್ತರು. 1898ರಲ್ಲಿ ಒಪ್ಪಂದವಾಯಿತು. ಕಟ್ಟುವವರು ಜಾನ್ ಏರ್ಡ್ ಕಂಪನಿ. ಅವರಿಗೆ ಹಣ ಒದಗಿಸುವವರು ಕ್ಯಾಸೆಲ್. ಕೆಲಸ ಮುಗಿಯುವ ತನಕ ಈಜಿಪ್ಟು ಕಾಸು ಬಿಚ್ಚಬೇಕಾಗಿಲ್ಲ, ಆಮೇಲೆ 30 ವರ್ಷಗಳ ಕಾಲ ಅರ್ಧವಾರ್ಷಿಕ ಕಂತುಗಳಲ್ಲಿ ತೀರಿಸಬೇಕು. ಕಾಗದದ ಮೇಲೆ ಅದು ಸಾಲವೇ ಅಲ್ಲ! ಇಂದಿನ ಕಂತಿನ ವ್ಯವಹಾರಗಳನ್ನು ಬಲ್ಲ ನಿಮಗೆ ಇದರ ಚಮತ್ಕಾರವನ್ನು ನಾನು ವಿವರಿಸಬೇಕಾಗಿಲ್ಲ. ಅದೇ ವರ್ಷ ಸ್ಥಾಪನೆಯಾದ ನ್ಯಾಷನಲ್ ಬ್ಯಾಂಕ್ ಆಫ್ ಈಜಿಪ್ಟ್‌ನಲ್ಲಿಯೂ ಕ್ಯಾಸೆಲ್ ಅವರದೇ ದೊಡ್ಡ ಪಾಲು. ನೀರಿನಿಂದ ಬೆಲೆ ಏರಲಿದ್ದ ಭೂಮಿಯ ವ್ಯವಹಾರದಲ್ಲಿಯೂ ಅವರಿದ್ದರು. (ಈ ಕ್ಯಾಸೆಲ್ ಅವರ ಮೊಮ್ಮಗಳು ಎಡ್ವಿನಾ, ಮುಂದೆ 1947ರಲ್ಲಿ ದೆಹಲಿಯಲ್ಲಿದ್ದ ಲೇಡಿ ಮೌಂಟ್‌ಬ್ಯಾಟನ್. ಚರಿತ್ರೆಯ ನೆಂಟಸ್ತಿಕೆಗಳು ನಮ್ಮ ಮದುವೆ ಮನೆಗಳ ನೆಂಟಸ್ತಿಕೆಗಳಂತೆಯೇ, ಎಲ್ಲಿಂದ ಎಲ್ಲಿಗೋ.)

1902ರ ಡಿಸೆಂಬರ್ 10ರಂದು ಕನಾಟಿನ ಡ್ಯೂಕ್ ಅಣೆಕಟ್ಟನ್ನು ಉದ್ಘಾಟಿಸಿದರು. ಖೆದೀವನೂ ಇದ್ದನು. ಕ್ಯಾಸೆಲ್ ತಮ್ಮ ಅತಿಥಿಗಳನ್ನು ಕರೆತಂದಿದ್ದರು, ಅವರಲ್ಲಿ 28 ವರ್ಷ ವಯಸ್ಸಿನ ಪಾರ್ಲಿಮೆಂಟ್ ಸದಸ್ಯ ವಿನ್‌ಸ್ಟನ್ ಚರ್ಚಿಲ್ ಒಬ್ಬರು. ಕ್ಯಾಟರಾಕ್ಟ್ ಹೋಟೆಲಿನ ಗುಮ್ಮಟದ ಭೋಜನಶಾಲೆ ಆ ವರ್ಷದ್ದೇ. ಈಗಲೂ ಅದಕ್ಕೆ ‘1902’ ಎಂದೇ ಹೆಸರಿಟ್ಟಿದ್ದಾರೆ. ನನ್ನ ವಿದ್ಯಾರ್ಥಿ ಅಲ್ಲಿಯೇ ರಾತ್ರಿಯ ಊಟ ಮಾಡಿ, ಆ ಅಂಕಿ ಏನೆಂದು ತಿಳಿಯದೆ ಎದ್ದು ಬಂದಿದ್ದಾನೆ!

ಇನ್ನು ಗುಡಿಯ ಕಥೆ. ಅಣೆಕಟ್ಟಿನ ಮೇಲ್ಭಾಗದಲ್ಲಿ ಫೀಲೈ ಎಂಬ ಪುಟ್ಟ ದ್ವೀಪವಿತ್ತು. ಅದರ ಮೇಲೆ ಐಸಿಸ್ ದೇವಿಯ ದೇವಾಲಯ. ಟಾಲೆಮಿ ವಂಶದ ಅರಸರೂ ರೋಮನ್ ಚಕ್ರವರ್ತಿಗಳೂ ಕಟ್ಟಿಸಿದ್ದು. ವಿಲ್‌ಕಾಕ್ಸ್ 1894ರಲ್ಲಿ ಸೂಚಿಸಿದ್ದ ಎತ್ತರಕ್ಕೆ ಕಟ್ಟಿದ್ದರೆ ಅದು ಪೂರ್ತಿ ಮುಳುಗುತ್ತಿತ್ತು. ಯುರೋಪಿನ ವಿದ್ವಾಂಸರೆಲ್ಲ ಕೂಗೆಬ್ಬಿಸಿದರು. ನೀರಿನ ಮಟ್ಟವನ್ನು 8 ಮೀಟರಿನಷ್ಟು ತಗ್ಗಿಸಲಾಯಿತು, ನೀರಿನ ಸಂಗ್ರಹ ಅರ್ಧಕ್ಕಿಂತ ಕಡಿಮೆಯಾಯಿತು. ಒಂದು ಹಳೆಯ ಗುಡಿಗಾಗಿ ರೈತರ ನೀರನ್ನು ಬಲಿ ಕೊಡುವುದೇ ಎಂದು ಚರ್ಚಿಲ್ 1899ರಲ್ಲಿಯೇ ತಮ್ಮ ‘ದ ರಿವರ್ ವಾರ್’ ಗ್ರಂಥದಲ್ಲಿ ಕಟುವಾಗಿ ಗೇಲಿ ಮಾಡಿದ್ದರು. ಅವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ರಾಜಿ ಬಹುಕಾಲ ಉಳಿಯಲೂ ಇಲ್ಲ. 1907ರಿಂದ 1912ರೊಳಗೆ ಕಟ್ಟೆಯನ್ನು ಎತ್ತರಿಸಿದರು, 1933ರ ವೇಳೆಗೆ ಮತ್ತೊಮ್ಮೆ ಎತ್ತರಿಸಿದರು. ಜಲಾಶಯ ತುಂಬಿರುತ್ತಿದ್ದುದು ಚಳಿಗಾಲದಲ್ಲಿ. ಹೋಟೆಲು ತುಂಬಿರುತ್ತಿದ್ದುದೂ ಚಳಿಗಾಲದಲ್ಲಿಯೇ. ಹೀಗಾಗಿ ದೂರದಿಂದ ಬಂದ ಪ್ರವಾಸಿಗಳು ದೋಣಿಯಲ್ಲಿ ಕುಳಿತು ಕಂಬಗಳ ತಲೆಗಳ ನಡುವೆ ತೇಲಿ ಹೋಗುತ್ತಿದ್ದರು. ದೇವಿ ನೀರಿನಿಂದ ಮೇಲೆದ್ದು ಒಣಗುತ್ತಿದ್ದುದು ಬೇಸಿಗೆಯ ಉರಿಯಲ್ಲಿ, ನೋಡಲು ಹೋಟೆಲಿನಲ್ಲಿ ಯಾರೂ ಇಲ್ಲದಿದ್ದಾಗ.

ಗುಡಿಗಾಗಿ ಕೂಗಿದವರಿದ್ದರು. ಆದರೆ ನದಿಯ ದಡದುದ್ದಕ್ಕೂ ಇದ್ದ ನೂಬಿಯನ್ನರ ಹಳ್ಳಿಗಳಿಗಾಗಿ ಆ ಗಟ್ಟಿಯಲ್ಲಿ ಕೂಗಿದವರು ಯಾರು? 1902ರಲ್ಲಿ, 1912ರಲ್ಲಿ, 1933ರಲ್ಲಿ ಪ್ರತಿ ಬಾರಿ ನೀರು ಏರಿದಾಗಲೂ ಅವರು ಖರ್ಜೂರದ ತೋಟಗಳನ್ನು ಕಳೆದುಕೊಂಡು ಮನೆಗಳನ್ನು ಇನ್ನಷ್ಟು ಮೇಲಕ್ಕೆ, ಬಂಡೆಗಳ ಮೇಲೆ ಕಟ್ಟಿಕೊಂಡರು. ಬೇಸಾಯ ಹೋದ ಮೇಲೆ ಗಂಡಸರು ಕೈರೋ, ಅಲೆಕ್ಸಾಂಡ್ರಿಯಗಳಿಗೆ ನಡೆದು ಅಡುಗೆಯವರಾದರು, ಬಾಗಿಲು ಕಾಯುವವರಾದರು, ಹೋಟೆಲುಗಳಲ್ಲಿ ಬಡಿಸುವವರಾದರು. ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಉಳಿದರು. 1960ರಲ್ಲಿ ದೊಡ್ಡ ಅಣೆಕಟ್ಟಿನ ಕೆಲಸ ಆರಂಭವಾಗಿ, 1963-64ರಲ್ಲಿ ಉಳಿದ ಸುಮಾರು 50 ಸಾವಿರ ಮಂದಿಯನ್ನೂ ಎಬ್ಬಿಸಿ ಉತ್ತರದ ಕೊಮ್ ಒಂಬೊ ಬಯಲಿಗೆ ಸಾಗಿಸಿದರು. ಹಿಂದೆ ಕ್ಯಾಸೆಲ್ ಮತ್ತು ಸಂಗಡಿಗರ ಕಂಪನಿಯೊಂದು ಮರುಭೂಮಿಗೆ ನೀರೆತ್ತಿ ಹೊಲ ಮಾಡಿದ್ದು ಇದೇ ಬಯಲಿನಲ್ಲಿ. ಫೀಲೈ ದೇವಾಲಯವನ್ನು ಮಾತ್ರ 1972ರಿಂದ 1980ರೊಳಗೆ ಸುಮಾರು 40 ಸಾವಿರ ತುಂಡುಗಳಾಗಿ ಬಿಚ್ಚಿ, ಪಕ್ಕದ ಎತ್ತರದ ದ್ವೀಪದಲ್ಲಿ ಮರಳಿ ಜೋಡಿಸಿ ಉಳಿಸಿಕೊಂಡರು.

ವಿಲ್‌ಕಾಕ್ಸ್ ಅವರ ಮುಂದಿನ ಬದುಕನ್ನೂ ಹೇಳಿಬಿಡುತ್ತೇನೆ. ನೈಲ್ ನದಿಯ ಇನ್ನಷ್ಟು ಯೋಜನೆಗಳನ್ನು ಟೀಕಿಸಿ, ಮಾನಹಾನಿಯ ಮೊಕದ್ದಮೆಗೆ ಗುರಿಯಾಗಿ, 1921ರಲ್ಲಿ ಕೈರೋದಲ್ಲಿ ತಪ್ಪಿತಸ್ಥರೆನಿಸಿಕೊಂಡರು. 1928ರಲ್ಲಿ, ಇಳಿವಯಸ್ಸಿನಲ್ಲಿ, ಕಲ್ಕತ್ತೆಗೆ ಬಂದು ಬಂಗಾಳದ ಪ್ರಾಚೀನ ನೀರಾವರಿಯ ಮೇಲೆ ಉಪನ್ಯಾಸಗಳನ್ನು ಕೊಟ್ಟರು. ಪ್ರವಾಹದ ಕೆಂಪು ನೀರನ್ನು ಹೊಲಗಳಿಗೆ ಹರಿಯಬಿಡುತ್ತಿದ್ದ ಹಿಂದಿನವರ ಪದ್ಧತಿಯನ್ನು ಅವರು ಅಲ್ಲಿ ಮನಸಾರೆ ಕೊಂಡಾಡಿದರು. ಅಣೆಕಟ್ಟಿನ ನಕ್ಷೆ ಬರೆದ ಕೈಯೇ ಹೀಗೆ ಬರೆದದ್ದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಈ ಕಥೆಯಲ್ಲಿ ನನಗೇಕೆ ಇಷ್ಟು ಆಸಕ್ತಿ ಎಂಬುದು ನಮ್ಮ ಮನೆತನದವರಿಗೆ ತಿಳಿದಿದೆ. ನನ್ನ ಅಜ್ಜಿಯ ತವರು ಹಳೆಯ ಕನ್ನಂಬಾಡಿ. 1911ರಲ್ಲಿ ಕಾವೇರಿಗೆ ಕಟ್ಟೆಯ ಕೆಲಸ ಆರಂಭವಾಗಿ, ಊರೂ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ಗುಡಿಯೂ ನೀರಿನೊಳಗಾದವು. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ನೀರು ಇಳಿದು ಗುಡಿ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಊರೆಲ್ಲ ಬರಗಾಲವೆಂದು ಮರುಗುತ್ತಿದ್ದಾಗ ಅಜ್ಜಿ ಮಾತ್ರ ಒಳಗೊಳಗೇ ಹಿಗ್ಗಿ, “ನಮ್ಮ ಸ್ವಾಮಿ ಗುಡಿ ಕಾಣ್ತಾ ಐತಂತೆ, ಗಾಡಿ ಕಟ್ಟಿಸ್ರೋ” ಎನ್ನುತ್ತಿದ್ದಳು. ಕೆಸರು ಒಣಗಿದ ಅಂಗಳದಲ್ಲಿ ನಡೆದು, “ಇಲ್ಲಿ ನಮ್ಮ ಕಣ, ಅಲ್ಲಿ ನಮ್ಮ ಹಟ್ಟಿ” ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಅಲ್ಲಿ ನಮಗೆ ಕಾಣುತ್ತಿದ್ದುದು ಬಿರುಕು ಬಿಟ್ಟ ಮಣ್ಣು ಮಾತ್ರ. ಈ ಶತಮಾನದ ಆರಂಭದಲ್ಲಿ ಆ ಗುಡಿಯನ್ನೂ ಬಿಚ್ಚಿ ತಂದು ಹೊಸಕನ್ನಂಬಾಡಿಯ ದಡದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅದನ್ನು ನೋಡಲು ಅಜ್ಜಿ ಇರಲಿಲ್ಲ. ಹಾಗೆಂದು ನಾನು ಕಟ್ಟೆಯನ್ನು ಹಳಿಯಲಾರೆ. ಮಂಡ್ಯದ ಬಯಲಿನಲ್ಲಿ ನಾನು ಉಂಡ ಅನ್ನ, ನಿಮ್ಮಲ್ಲಿ ಅನೇಕರು ಶಾಲೆಗೆ ಕಟ್ಟಿಕೊಂಡು ಬರುತ್ತಿದ್ದ ಬುತ್ತಿ, ಎರಡೂ ವಿಶ್ವೇಶ್ವರಯ್ಯ ನಾಲೆಯ ನೀರಿನದೇ. ಅಜ್ಜಿಯೂ ಅದೇ ಅನ್ನವನ್ನು ಉಂಡಳು, ಅದನ್ನು ಎಂದೂ ಅಲ್ಲಗಳೆಯಲಿಲ್ಲ.

ಇದಿಷ್ಟನ್ನೂ ದೂರವಾಣಿಯಲ್ಲಿ ನನ್ನ ವಿದ್ಯಾರ್ಥಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಂದು ಸಂಗತಿ ನೆನಪಿಸಿಕೊಂಡ. ಆ ಜಗಲಿಯಲ್ಲಿ ಅವನಿಗೆ ಚಹಾ ತಂದುಕೊಟ್ಟ ವಯಸ್ಸಾದ ಪರಿಚಾರಕ, “ನಿಮ್ಮದು ಇದೇ ಊರೇ?” ಎಂಬ ಅವನ ಪ್ರಶ್ನೆಗೆ ಅಲ್ಲವೆಂದು ತಲೆಯಾಡಿಸಿ, ದಕ್ಷಿಣದ ಕಡೆಗೆ ಕೈ ತೋರಿಸಿ, ನೀರಿನ ಕೆಳಗಿರುವ ತನ್ನ ತಾತನ ಹಳ್ಳಿಯ ಹೆಸರು ಹೇಳಿದನಂತೆ. “ಹೆಸರು ಏನೆಂದನಪ್ಪಾ?” ಎಂದು ಕೇಳಿದೆ. “ಬರೆದುಕೊಳ್ಳಲಿಲ್ಲ ಸರ್, ಮೀಟಿಂಗಿಗೆ ಹೊತ್ತಾಗಿತ್ತು” ಎಂದ. ಫೆಬ್ರವರಿಯಲ್ಲಿ ಮತ್ತೆ ಹೋಗುವುದಿದೆಯಂತೆ, ಆಗ ಕೇಳಿಕೊಂಡು ಬರುತ್ತೇನೆಂದು ಮಾತು ಕೊಟ್ಟಿದ್ದಾನೆ.