ಬೆಳದಿಂಗಳಲ್ಲಿ ಕತ್ತಲ ರಾತ್ರಿ

ಮೊಹರಂ ಬಂತೆಂದರೆ ಮಾನ್ವಿ ಸೀಮೆಯ ಊರುಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಪೀರಲ ದೇವರನ್ನು ಕೂಡಿಸುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ. ದೇವರು ಹೊಳೆಗೆ ಹೋಗುವ ಮುಂಚಿನ ರಾತ್ರಿಗೆ ಇಲ್ಲಿನ ಹೆಸರು ‘ಕತ್ತಲ ರಾತ್ರಿ’. ನಿಘಂಟು ಹಿಡಿದು ಕೂತವರಿಗೆ ಇದನ್ನು ಬಿಡಿಸುವುದು ಸಲೀಸು: ಅರಬಿಯ ‘ಕತ್ಲ್’ ಎಂದರೆ ಕೊಲೆ, ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಹತರಾದ ನೆನಪಿನ ‘ಕತ್ಲ್ ಕಿ ರಾತ್’ ದಖನಿಯ ಮೂಲಕ ಬಂದು, ಅರ್ಥ ತಿಳಿಯದ ಹಳ್ಳಿಗರ ಬಾಯಲ್ಲಿ ಕೆಟ್ಟು ಕತ್ತಲಾಯಿತು. ಪದ ಬಂದ ದಾರಿ ಸರಿಯೇ. ‘ಅರ್ಥ ತಿಳಿಯದ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಅದೇ ಜನ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳಲ್ಲಿ ಇರುವುದು ಹುಸೇನರ ಸಾವು, ನೀರಿಲ್ಲದ ದಾಹ, ಮನೆಯವರ ಗೋಳು. ಆ ಕೊಲೆಯನ್ನು ಕನ್ನಡದಲ್ಲೇ ಹಾಡಿಕೊಂಡು ಬಂದವರಿಗೆ ಆ ರಾತ್ರಿ ಕೊಲೆಯದೆಂದು ಗೊತ್ತಿರಲಿಲ್ಲವೆ?

ರಾತ್ರಿ ಎಂದ ಮೇಲೆ ಕತ್ತಲಿರುತ್ತದೆ, ಹೆಸರಲ್ಲೇನು ವಿಶೇಷ ಎನ್ನಬಹುದು. ಆದರೆ ಮೊಹರಂ ಎಣಿಕೆ ಶುರುವಾಗುವುದೇ ಚಂದ್ರ ಕಂಡ ಮೇಲೆ. ಹತ್ತನೆಯ ರಾತ್ರಿಗೆ ಮುಕ್ಕಾಲು ಚಂದ್ರ, ಅದು ಮುಳುಗುವುದು ನಡುರಾತ್ರಿ ದಾಟಿದ ಮೇಲೆ. ಕೆಳಗೆ ಅಲಾಯಿ ಕುಣಿಯ ಕೆಂಡ ಬೇರೆ. ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವ ಹಬ್ಬವಾದ್ದರಿಂದ ಮಳೆಗಾಲದ ಮೋಡವನ್ನೂ ಕಾರಣ ಮಾಡುವಂತಿಲ್ಲ. ಇಂಥ ರಾತ್ರಿಯನ್ನು ಕತ್ತಲು ಎಂದವರು ಕಣ್ಣಿಗೆ ಕಂಡದ್ದನ್ನು ಹೇಳಿದ್ದಲ್ಲ, ಸಾವಾದ ಮನೆಯ ಕತ್ತಲನ್ನು ಹೇಳಿದ್ದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕನ್ನಡದ ನಾಲಗೆಗೆ ‘ತ್ಲ್’ ಒಗ್ಗದು, ನಡುವೆ ಸ್ವರ ಸೇರಿ ‘ಕತಲ್’ ಆಗುತ್ತದೆ, ಇದು ಬರೀ ಉಚ್ಚಾರಣೆಯ ಆಟ. ಇರಲಿ. ನಾಲಗೆ ಪದವನ್ನು ಹೊಸ್ತಿಲ ತನಕ ತಂದಿತು. ಒಳಗೆ ಕರೆದು ಕೂಡಿಸಿಕೊಂಡದ್ದು ಅರ್ಥ.

ಹೀಗೆ ಅರ್ಥ ಹಚ್ಚುವುದರಲ್ಲಿ ಅಪಾಯವೂ ಇದೆ. ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1984ರಲ್ಲಿ ಫ್ರಾನ್ಸಿನ ರೈತರ ಕತೆಗಳನ್ನು ಓದುತ್ತ ಮನೋವಿಶ್ಲೇಷಕರನ್ನು ತರಾಟೆಗೆ ತೆಗೆದುಕೊಂಡರು: ಅವರು ತೋಳದ ಕತೆಯ ಹುಡುಗಿಯ ಕೆಂಪು ಟೋಪಿಗೆ ಗೂಢಾರ್ಥ ಕೊಟ್ಟರು, ರೈತರು ಹೇಳುತ್ತಿದ್ದ ಕತೆಯಲ್ಲಿ ಆ ಟೋಪಿಯೇ ಇರಲಿಲ್ಲ. ನಮ್ಮಲ್ಲಿ ಅಂಥ ಟೋಪಿ ಯಾವುದೆಂದರೆ ವರದಿಗಳಲ್ಲಿ ತಪ್ಪದೆ ಬರುವ ‘ಭಾವೈಕ್ಯ’. ಕುಣಿಯ ಸುತ್ತ ಕುಣಿಯುವವರು ಆಡುವ ಮಾತಲ್ಲ ಅದು. ಜನರ ಮಾತನ್ನೇ ಹಿಡಿಯುವ ದಾರಿಯೂ ಇದೆ: ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಬರೆದ ಇತಿಹಾಸಕಾರ ರಿಚರ್ಡ್ ಈಟನ್ ಹೆಂಗಸರು ಬೀಸುವಾಗ ಹಾಡುತ್ತಿದ್ದ ಚಕ್ಕಿನಾಮಾಗಳಿಗೆ ಕಿವಿಗೊಟ್ಟಿದ್ದರು. ಕತ್ತಲ ರಾತ್ರಿಯೂ ಬಾಯಿಂದ ಬಾಯಿಗೆ ಬಂದ ಪದವೇ. ಈಗ ಅದನ್ನು ತಿದ್ದಿ ‘ಖತಲ್ ರಾತ್ರಿ’ ಎಂದು ಅಚ್ಚು ಹಾಕುವವರಿದ್ದಾರೆ. ಆ ‘ಖ’ ಅರಬಿಯ ಮೂಲದಲ್ಲೂ ಇಲ್ಲ.