ಹಿತುಕಿದ ಅವರೆಯ ಸಂಜೆಗಳು

ಬೆಂಗಳೂರಿನ ಚಳಿ ಮಕ್ಕಳನ್ನು ಹಗಲಿಡೀ ಒಳಗೆ ಕೂರಿಸುವಷ್ಟು ಕಠಿಣವಲ್ಲ. ದಾಖಲಾದ ಕನಿಷ್ಠವೇ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಬದಲಾಗುವುದು ಸಂಜೆ. ಜೂನ್‌ನಲ್ಲಿ ಆರೂಮುಕ್ಕಾಲರವರೆಗೂ ಇರುವ ಬಿಸಿಲು ಡಿಸೆಂಬರ್‌ನಲ್ಲಿ ಆರಕ್ಕೇ ಮುಗಿಯುತ್ತದೆ. ಕತ್ತಲಾಗಿ ಮನೆಗೆ ಬಂದ ಮಕ್ಕಳನ್ನು ಹಿಡಿದಿಟ್ಟದ್ದು ಆಟಿಕೆಗಳಿಗಿಂತ ಹೆಚ್ಚಾಗಿ ದೊಡ್ಡವರ ಜೊತೆಗಿನ ಕೂಟ ಎಂಬುದು ನನ್ನ ವಾದ. ಸೊಗಡಿನ ಅವರೆಯ ಕಾಲವೂ ಇದೇ. ನೆನೆಸಿದ ಕಾಳು ಹಿತುಕಲು ಎಷ್ಟು ಕೈಯಿದ್ದರೂ ಸಾಲದು. ಬೇಳೆ ಚಿಮ್ಮಿಸುವುದು ಪುಟ್ಟ ಬೆರಳುಗಳಿಗೆ ಪಂದ್ಯ. ಆಮೇಲೆ ಚೌಕಾಬಾರಕ್ಕೆ ಸೀಮೆಸುಣ್ಣ, ಕವಡೆ, ಅಳಗುಳಿಮಣೆಗೆ ಹುಣಸೆಬೀಜ. ಇವನ್ನು ಬಡವರ ಕಾಲಕ್ಷೇಪವೆಂದು ತಳ್ಳುವಂತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಮಣೆಯಾಟಗಳನ್ನೂ ಗಂಜೀಫಾ ಎಲೆಗಳನ್ನೂ ರೂಪಿಸಿದವರು.

ಬೆಂಗಳೂರಿನ ಇಂದಿರಾನಗರದಂಥ ಹೊಸ ಬಡಾವಣೆಗೆ ಇಂಥ ಕೂಟ ಪರಕೀಯ ಎನ್ನಬಹುದು: ಬಡಾವಣೆ ರೂಪುಗೊಂಡದ್ದೇ 1970ರ ದಶಕದ ಕೊನೆಯ ಹೊತ್ತಿಗೆ, 1982ರಲ್ಲಿ ದೇಶಕ್ಕೆ ಬಣ್ಣದ ಟಿವಿಯೂ ಬಂತು. ಆದರೆ ಮಗ್ಗುಲಲ್ಲೇ ಇರುವ ಹಲಸೂರು, ದೊಮ್ಮಲೂರು ಶತಮಾನಗಳಷ್ಟು ಹಳೆಯ ಊರುಗಳು. ಹೊಸ ಮನೆಗಳಿಗೆ ಬಂದವರೂ ತಂತಮ್ಮ ಅಡುಗೆ, ಆಟಗಳನ್ನು ಬಿಟ್ಟು ಬಂದಿರಲಿಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೆಲಸವನ್ನೇ ಆಟವೆಂದರೆ ಹೆಣ್ಣುಮಕ್ಕಳ ದುಡಿಮೆ ಮರೆಯಾಗುತ್ತದೆ. ನಿಜ, ಕಾಳಿನ ಬುಟ್ಟಿ ಅವರ ಪಾಲಿಗೇ ಹೆಚ್ಚು ಬಂದಿತ್ತು. ಆ ತಪ್ಪು ಹಂಚಿಕೆಯದು, ಕೂಟದ್ದಲ್ಲ. ಅಪ್ಪನೂ ಅಣ್ಣನೂ ಕಾಳು ಹಿತುಕಲು ಕೂತರೆ ಅದನ್ನು ಸರಿಪಡಿಸಬಹುದು.